ಮಳೆಯಲ್ಲಿ ಕಾರು ನಿಲ್ಲಿಸಿದ ಚಾಂಪಿಯನ್: 1976ರ ಫಾರ್ಮುಲಾ ಒನ್ ಕಥೆ

ಫಾರ್ಮುಲಾ ಒನ್ ಕಾರ್ ರೇಸ್ ಅಂದರೆ ಈಗ ನಮ್ಮ ಹಳ್ಳಿ ಹುಡುಗರಿಗೂ ಗೊತ್ತು. ಮೊಬೈಲ್ ತೆಗೆದರೆ ರೀಲ್ಸ್ ಬರುತ್ತವೆ. 1976ರ ಸೀಸನ್ ಮೇಲಂತೂ 2013ರಲ್ಲಿ 'ರಷ್' ಅನ್ನೋ ಇಂಗ್ಲಿಷ್ ಸಿನಿಮಾನೇ ಬಂತು. ಅದನ್ನು ನೋಡಿದವರು ಇದು ನಿಕಿ ಲೌಡಾ, ಜೇಮ್ಸ್ ಹಂಟ್ ಇಬ್ಬರ ಜಿದ್ದಿನ ಕಥೆ ಅಂತಾರೆ. ಜಿದ್ದು ಇತ್ತು, ಸುಳ್ಳಲ್ಲ. ಆದರೆ ಆ ವರ್ಷದ ಬಗ್ಗೆ ಓದಿದಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಬೇರೆ. ಲೌಡಾ ಆ ವರ್ಷ ಎರಡು ಸಲ 'ಇಲ್ಲಿ ಓಡಿಸುವುದು ಬೇಡ' ಅಂದ. ಮೊದಲ ಸಲ ಅವನ ಮಾತನ್ನು ಯಾರೂ ಕೇಳಲಿಲ್ಲ. ಎರಡನೇ ಸಲ ಅವನೇ ಯಾರ ಮಾತನ್ನೂ ಕೇಳಲಿಲ್ಲ.

ಲೌಡಾ ಆಸ್ಟ್ರಿಯಾ ದೇಶದವನು. 1975ರಲ್ಲಿ ಫೆರಾರಿ ಕಾರಿನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ. ಹಂಟ್ ಇಂಗ್ಲೆಂಡಿನವನು, ಆ ವರ್ಷ ಮೆಕ್‌ಲಾರೆನ್ ತಂಡಕ್ಕೆ ಹೊಸಬ. ಒಟ್ಟು 16 ರೇಸ್. ಗೆದ್ದವನಿಗೆ 9 ಅಂಕ, ಎರಡನೆಯವನಿಗೆ 6, ಮೂರನೆಯವನಿಗೆ 4, ಹೀಗೆ ಆರನೆಯವನವರೆಗೆ. ಶುರುವಿನ ಎರಡು ರೇಸ್ ಲೌಡಾನೇ ಗೆದ್ದ. ಏಪ್ರಿಲ್‌ನಲ್ಲಿ ಮನೆ ಹತ್ತಿರ ಟ್ರ್ಯಾಕ್ಟರ್ ಮಗುಚಿ ಅವನ ಪಕ್ಕೆಲುಬು ಮುರಿಯಿತು. (ಗಂಟೆಗೆ ಮುನ್ನೂರು ಕಿಲೋಮೀಟರ್ ಹತ್ತಿರ ಓಡಿಸುವವನನ್ನೂ ಟ್ರ್ಯಾಕ್ಟರ್ ಬಿಡಲಿಲ್ಲ ನೋಡಿ.) ಆ ನೋವಲ್ಲೇ ಮೇ 2ರಂದು ಸ್ಪೇನ್‌ನಲ್ಲಿ ಎರಡನೆಯವನಾಗಿ ಬಂದ. ಅಲ್ಲಿ ಗೆದ್ದ ಹಂಟ್‌ನ ಕಾರು ನಿಯಮಕ್ಕಿಂತ 1.8 ಸೆಂಟಿಮೀಟರ್ ಅಗಲ ಇದೆ ಅಂತ ಗೆಲುವು ಕಿತ್ತುಕೊಂಡರು. ಜುಲೈನಲ್ಲಿ ಮೇಲ್ಮನವಿಯಲ್ಲಿ ವಾಪಸ್ ಕೊಟ್ಟರು. ಬ್ರಿಟನ್‌ನಲ್ಲಿ ಹಂಟ್ ಗೆದ್ದದ್ದನ್ನು ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿ ಲೌಡಾಗೆ ಕೊಟ್ಟರು. ಅರ್ಧ ಸೀಸನ್ ಟ್ರ್ಯಾಕ್ ಮೇಲೆ, ಇನ್ನರ್ಧ ಕಾಗದದ ಮೇಲೆ ನಡೆಯಿತು ಅನ್ನಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಜರ್ಮನಿಯ ನೂರ್ಬರ್ಗ್‌ರಿಂಗ್ ಟ್ರ್ಯಾಕ್ ಕಾಡು ಗುಡ್ಡಗಳ ನಡುವೆ ಹಾಯ್ದು ಹೋಗುತ್ತದೆ. ಒಂದು ಸುತ್ತು ಅಂದರೆ 22 ಕಿಲೋಮೀಟರ್‌ಗೂ ಹೆಚ್ಚು. ಅಷ್ಟು ಉದ್ದದ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಾರು ಬಿದ್ದರೆ ಬೆಂಕಿ ಆರಿಸುವ ಗಾಡಿ, ಆಂಬ್ಯುಲೆನ್ಸ್ ಸಮಯಕ್ಕೆ ತಲುಪಲು ಆಗಲ್ಲ. ಆದ್ದರಿಂದ ಅಲ್ಲಿ ರೇಸ್ ಬೇಡ ಅಂತ ಲೌಡಾ ಚಾಲಕರ ಸಭೆಯಲ್ಲಿ ಹೇಳಿದ. ಮತಕ್ಕೆ ಹಾಕಿದಾಗ ಸೋತ, ಅದೂ ಒಂದೇ ಮತದಿಂದ ಅಂತಾರೆ. ಇದು ಹೆದರಿ ಹೇಳಿದ ಮಾತಲ್ಲ. ಹಿಂದಿನ ವರ್ಷ ಅದೇ ಟ್ರ್ಯಾಕನ್ನು ಏಳು ನಿಮಿಷದ ಒಳಗೆ ಸುತ್ತಿದ ಮೊದಲ ಚಾಲಕ ಇವನೇ. ಅಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸಿದವನೇ ಅದು ಅಪಾಯ ಅಂದಿದ್ದ.

ಆಗಸ್ಟ್ 1ರಂದು ರೇಸ್ ನಡೆಯಿತು. ಎರಡನೇ ಸುತ್ತಿನಲ್ಲಿ ಲೌಡಾನ ಫೆರಾರಿ ದಾರಿ ತಪ್ಪಿ ಪಕ್ಕದ ದಿಬ್ಬಕ್ಕೆ ಹೊಡೆಯಿತು, ಬೆಂಕಿ ಹತ್ತಿ ಮತ್ತೆ ಟ್ರ್ಯಾಕ್ ಮೇಲೇ ಬಂದು ನಿಂತಿತು. ಹಿಂದಿನಿಂದ ಬಂದ ಕಾರು ಅದಕ್ಕೆ ಗುದ್ದಿತು. ಹೆಲ್ಮೆಟ್ ಕಳಚಿ ಹೋಗಿತ್ತು. ಅವನನ್ನು ಹೊರಗೆ ಎಳೆದವರು ಯಾರು ಗೊತ್ತೇ? ಹಿಂದೆ ಬರುತ್ತಿದ್ದ ಚಾಲಕರು: ಮೆರ್ಜಾರಿಯೊ, ಲಂಗರ್, ಎಡ್ವರ್ಡ್ಸ್, ಎರ್ಟ್ಲ್. ಬೆಂಕಿಗೆ ಕೈ ಹಾಕಿ ಬೆಲ್ಟ್ ಬಿಚ್ಚಿದವನು ಮೆರ್ಜಾರಿಯೊ. ಸಭೆಯಲ್ಲಿ ಲೌಡಾ ಯಾವುದಕ್ಕೆ ಭಯಪಟ್ಟಿದ್ದನೋ ಅದೇ ಆಯಿತು.

ಮುಖ, ತಲೆ ಸುಟ್ಟಿತ್ತು. ಅದಕ್ಕಿಂತ ಕೆಟ್ಟದ್ದು ಒಳಗೆ ಹೋದ ವಿಷಹೊಗೆ, ಶ್ವಾಸಕೋಶ ಹಾಳಾಗಿತ್ತು. ಆಸ್ಪತ್ರೆಗೆ ಪಾದ್ರಿ ಬಂದು ಸಾಯುವವರಿಗೆ ಮಾಡುವ ಪ್ರಾರ್ಥನೆಯನ್ನೂ ಮಾಡಿದರು. ಲೌಡಾ ಸಾಯಲಿಲ್ಲ. 42 ದಿನ ಕಳೆದು ಸೆಪ್ಟೆಂಬರ್ 12ಕ್ಕೆ ಇಟಲಿಯ ಮೊನ್ಜಾದಲ್ಲಿ ಕಾರು ಹತ್ತಿದ. ಗಾಯ ಪೂರ್ತಿ ಮಾಗಿರಲಿಲ್ಲ, ಪಟ್ಟಿಯಲ್ಲಿ ರಕ್ತ ಇಳಿಯುತ್ತಿತ್ತು. ನಾಲ್ಕನೆಯವನಾಗಿ ಬಂದ. ಮೊದಲ ದಿನ ಭಯದಿಂದ ಮೈ ಗಟ್ಟಿಯಾಗಿತ್ತು ಅಂತ ಆಮೇಲೆ ತಾನೇ ಹೇಳಿಕೊಂಡ.

ಆ ನಡುವೆ ಹಂಟ್ ಸುಮ್ಮನಿರಲಿಲ್ಲ. ಹಾಲೆಂಡ್, ಕೆನಡಾ, ಅಮೆರಿಕ ಗೆದ್ದ. ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ ಕೊನೆಯ ರೇಸ್. ಲೌಡಾ 68, ಹಂಟ್ 65.

ಅವತ್ತು ಮಳೆ ಅಂದರೆ ಮಳೆ, ಜೊತೆಗೆ ಮಂಜು. ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ಲಾರಿ ಹಿಂದೆ ಬೈಕ್ ಓಡಿಸಿದವರಿಗೆ ಗೊತ್ತು, ಚಕ್ರದಿಂದ ಏಳುವ ನೀರಲ್ಲಿ ಮುಂದಿನದು ಏನೂ ಕಾಣಲ್ಲ. ಇಲ್ಲಿ ಅದರ ಮೂರು ಪಟ್ಟು ವೇಗ. ಲೌಡಾನ ಕಣ್ಣಿನ ರೆಪ್ಪೆ ಬೇರೆ ಸುಟ್ಟಿತ್ತು, ಸರಿಯಾಗಿ ಮಿಟುಕಿಸಲು ಆಗುತ್ತಿರಲಿಲ್ಲ. ರೇಸ್ ತಡವಾಯಿತು, ಆದರೆ ನಿಲ್ಲಲಿಲ್ಲ. ಎರಡು ಸುತ್ತು ಹೋಗಿ ಲೌಡಾ ಕಾರನ್ನು ಒಳಗೆ ತಂದು ನಿಲ್ಲಿಸಿದ. ತಂಡದ ಎಂಜಿನಿಯರ್ ಫೋರ್ಗಿಯೇರಿ, ಎಂಜಿನ್ ಕೆಟ್ಟಿತು ಅಂತ ಹೇಳಿಬಿಡೋಣ ಅಂದರು. ಲೌಡಾ ಒಪ್ಪಲಿಲ್ಲ. ನಿಲ್ಲಿಸಿದ್ದು ನಾನೇ ಅಂತಲೇ ಹೇಳಿ ಅಂದ.

ಈ ಒಂದು ಘಟನೆಗಾಗಿಯೇ ನನಗೆ 1976ರ ಸೀಸನ್ ದೊಡ್ಡದಾಗಿ ಕಾಣುತ್ತದೆ. ಮೊನ್ಜಾದಲ್ಲಿ ಪಟ್ಟಿ ಕಟ್ಟಿಕೊಂಡು ಓಡಿಸಿದ್ದನ್ನು ಎಲ್ಲರೂ ಧೈರ್ಯ ಅಂತಾರೆ. ಚಾಂಪಿಯನ್‌ಗಿರಿ ಕೈಯಲ್ಲಿರುವಾಗ, ಸುಳ್ಳು ಹೇಳಿ ಮಾನ ಉಳಿಸಿಕೊಳ್ಳುವ ದಾರಿ ಇರುವಾಗ, ಹಾಗೆ ಇಳಿದು ಹೋಗುವುದು ಇನ್ನೂ ಕಷ್ಟ ಅಂತ ನನ್ನ ಲೆಕ್ಕ. ಬ್ರೆಜಿಲ್‌ನ ಫಿಟ್ಟಿಪಾಲ್ಡಿ, ಪಾಚೆ ಕೂಡ ಅವತ್ತು ತಾವಾಗಿಯೇ ನಿಲ್ಲಿಸಿದರು. ಅವರನ್ನು ಯಾರೂ ಏನೂ ಕೇಳಲಿಲ್ಲ, ಅವರ ಕೈಯಲ್ಲಿ ಚಾಂಪಿಯನ್‌ಗಿರಿ ಇರಲಿಲ್ಲ.

ಹಂಟ್ ಬಹಳ ಹೊತ್ತು ಮುಂದಿದ್ದ. ಕೊನೆಗೆ ಟೈರ್ ಸವೆದು ಒಳಗೆ ಬರಬೇಕಾಯಿತು, ಹಿಂದೆ ಬಿದ್ದ, ಮತ್ತೆ ಹಿಂದಿಕ್ಕುತ್ತಾ ಹೋಗಿ ಮೂರನೆಯವನಾದ. ರೇಸ್ ಗೆದ್ದವನು ಲೋಟಸ್ ತಂಡದ ಆಂಡ್ರೆಟ್ಟಿ. ತಾನು ಎಷ್ಟನೆಯವನು ಅಂತ ಹಂಟ್‌ಗೇ ತಿಳಿದಿರಲಿಲ್ಲ. ಟೈರ್ ಬದಲಿಸಲು ತಡ ಮಾಡಿದಿರಿ ಅಂತ ಇಳಿದವನೇ ತಂಡದವರ ಮೇಲೆ ರೇಗಿದ. ನೀನು ಮೂರನೆಯವನು, ಚಾಂಪಿಯನ್ ಆದೆ ಅಂತ ಅವರೇ ಹೇಳಬೇಕಾಯಿತು. 69ಕ್ಕೆ 68. ಲೌಡಾ ಆಗಲೇ ಟ್ರ್ಯಾಕ್ ಬಿಟ್ಟು ಹೊರಟಿದ್ದ.

ಇಟಲಿಯ ಪತ್ರಿಕೆಗಳು ಲೌಡಾನನ್ನು ಬಿಡಲಿಲ್ಲ. ಅವನು 1977ರಲ್ಲಿ ಅದೇ ಫೆರಾರಿಯಲ್ಲಿ ಮತ್ತೆ ಚಾಂಪಿಯನ್ ಆಗಿ, ವರ್ಷ ಮುಗಿಯುವ ಮೊದಲೇ ತಂಡ ಬಿಟ್ಟ. ಹಂಟ್ ಮತ್ತೆ ಚಾಂಪಿಯನ್ ಆಗಲಿಲ್ಲ, 1993ರಲ್ಲಿ 45ನೇ ವಯಸ್ಸಿಗೆ ತೀರಿಕೊಂಡ. ಲೌಡಾ 2019ರವರೆಗೆ ಬದುಕಿದ್ದ. 1977ರ ಜರ್ಮನ್ ರೇಸ್ ಹಾಕೆನ್‌ಹೈಮ್‌ಗೆ ಹೋಯಿತು. ಆ 22 ಕಿಲೋಮೀಟರ್ ಟ್ರ್ಯಾಕ್‌ನಲ್ಲಿ ಫಾರ್ಮುಲಾ ಒನ್ ರೇಸ್ ಮತ್ತೆ ನಡೆದೇ ಇಲ್ಲ.