ಸೂಡಿಯ ಗುಡಿಗಳು, ಅಲ್ಲಿಗೆ ಹೋಗುವ ದಾರಿ

ಗದಗ ಜಿಲ್ಲೆಯ ಸೂಡಿ, ರೋಣಕ್ಕೆ ಪೂರ್ವದಲ್ಲಿ, ಗಜೇಂದ್ರಗಡಕ್ಕೆ ಪಶ್ಚಿಮದಲ್ಲಿರುವ ಊರು. ಹನ್ನೊಂದನೆಯ ಶತಮಾನದಲ್ಲಿ ಇದು ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಕಲ್ಯಾಣ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿ ಈ ನಾಡನ್ನು ಆಳಿದಳು. ಗೋಕಾಕಿನ ಕೋಟೆಗೆ ಮುತ್ತಿಗೆ ಹಾಕಿದ ಈಕೆ ಹೆಸರಿಗಷ್ಟೇ ಅಧಿಕಾರಿಣಿಯಲ್ಲ. ಚೋಳರೊಡನೆ ನಡೆದ ಯುದ್ಧದಲ್ಲಿ ಸೂಡಿಯ ಹಳೆಯ ಕಟ್ಟುಪಾಡುಗಳು ಮುರಿದುಬಿದ್ದಾಗ, 1050ರ ಸುಮಾರಿಗೆ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಹೊಸ ಶಾಸನ ಹಾಕಿಸಿಕೊಟ್ಟಳು. ನಾಣ್ಯ ಅಚ್ಚೊತ್ತುವ ಕಮ್ಮಟವೂ ಇಲ್ಲಿತ್ತು. ಸೂಡಿ ದೇವಸ್ಥಾನಗಳ ಊರಾಗುವುದಕ್ಕೆ ಈ ಹಣಕಾಸೇ ಆಧಾರ.

ಜೋಡುಕಳಸದ ಗುಡಿಯನ್ನು ನಾಗದೇವನೆಂಬ ಅಧಿಕಾರಿ 1060ರ ಆಸುಪಾಸಿನಲ್ಲಿ ಕಟ್ಟಿಸಿದ. ಎದುರುಬದುರಾದ ಎರಡು ಗರ್ಭಗುಡಿ, ಎರಡಕ್ಕೂ ಒಂದೊಂದು ಶಿಖರ, ನಡುವೆ ಹಂಚಿಕೊಂಡ ಮಂಟಪ. ಊರಿನಲ್ಲಿ ಮಲ್ಲಿಕಾರ್ಜುನ ದೇವಾಲಯವೂ ದೊಡ್ಡ ಗಣಪತಿ ಮತ್ತು ಲಿಂಗಗಳ ಮಂಟಪಗಳೂ ಇವೆ. ನಾಗಕುಂಡವೆಂಬ ಮೆಟ್ಟಿಲುಬಾವಿಯ ಕಲ್ಲುಗೋಡೆಯ ಕೆತ್ತನೆ ಗುಡಿಗಳ ಕೆಲಸಕ್ಕೆ ಸರಿಸಮ. ಅವಸರದಲ್ಲಿ ಬಂದವರು ಬಿಟ್ಟುಹೋಗುವುದೂ ಇದನ್ನೇ.

ಗುಡಿಗಳ ಆಡಳಿತ ಕಾಳಾಮುಖವೆಂಬ ಶೈವ ಪಂಥದ ಯತಿಗಳ ಕೈಯಲ್ಲಿತ್ತು. ಅವರಲ್ಲಿ ಸೋಮೇಶ್ವರ ಪಂಡಿತನ ಹೆಸರು ಶಾಸನದಲ್ಲಿ ಉಳಿದಿದೆ. ಮಠವೆಂದರೆ ಬೆಟ್ಟದ ತುದಿಯ ಏಕಾಂತ ಎಂಬ ಎಣಿಕೆ ಇಲ್ಲಿಗೆ ಹೊಂದುವುದಿಲ್ಲ. ಬಳ್ಳಿಗಾವಿಯಲ್ಲಿದ್ದ ಇದೇ ಪಂಥದ ಕೋಡಿಯ ಮಠದವರಂತೆ ಸೂಡಿಯ ಯತಿಗಳೂ ಜನಸಂಚಾರವಿದ್ದ ಪಟ್ಟಣದಲ್ಲೇ ನೆಲೆಸಿದರು. ಬೆಟ್ಟದ ದೇವರನ್ನು ಕಾಣಬೇಕಾದರೆ ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರಕ್ಕೆ ಹೋಗಬೇಕು. ಬಂಡೆಯ ಮಗ್ಗುಲಿನ ಗುಡಿಗೆ ಮೆಟ್ಟಿಲು ಹತ್ತಿ ಏರಬೇಕು. ಅಲ್ಲಿನ ಒರತೆಗೆ ಅಂತರಗಂಗೆ ಎನ್ನುತ್ತಾರೆ. ಗಜೇಂದ್ರಗಡದ್ದು ಬೇರೆಯದೇ ಇತಿಹಾಸ: ಮರಾಠರು ಮತ್ತು ಟಿಪ್ಪು ಸುಲ್ತಾನನ ನಡುವಿನ 1787ರ ಒಪ್ಪಂದಕ್ಕೆ ಈ ಊರಿನ ಹೆಸರೇ ಇದೆ.

ಸೂಡಿಯನ್ನು ಮೂಲೆಗೆ ತಳ್ಳಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಗದಗ–ಹೊಟಗಿ ಹಳಿ ರೋಣದ ಪಶ್ಚಿಮಕ್ಕೆ, ಹೊಳೆಆಲೂರಿನ ಮೇಲೆ ಬಾದಾಮಿಗೆ ಹೋಯಿತು. ಬಾದಾಮಿಗೆ ಸ್ಟೇಷನ್ ಸಿಕ್ಕಿತು, ಪ್ರವಾಸಿಗಳೂ ಸಿಕ್ಕರು. ಸೂಡಿಗೆ ಎರಡೂ ಸಿಗಲಿಲ್ಲ. ಆದರೂ ವಿದ್ವಾಂಸರು ಬಿಡಲಿಲ್ಲ: ಫ್ಲೀಟ್, ಬಾರ್ನೆಟ್ ಇಲ್ಲಿನ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು.

ರೈಲು ಬಾರದ ಸೂಡಿಗೆ ಬಸ್ಸೇ ಗತಿಯಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾದ ಮೇಲೆ ಈ ಭಾಗದ ಬಸ್ಸುಗಳು ಅದರವು. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಹಳ್ಳಿಗಳ ಬಸ್ಸಿನ ವೇಳೆ ಶಾಲೆ, ಸಂತೆ, ಕಚೇರಿಗಳಿಗೆ ಹೊಂದಿಕೊಂಡಿರುತ್ತದೆಯೇ ಹೊರತು ಗುಡಿ ನೋಡುವವರಿಗಲ್ಲ. ಬಾದಾಮಿಯಿಂದ ಹೊರಟು ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಯೋಜನೆ ಇಲ್ಲಿ ನಡೆಯುವುದು ಕಷ್ಟ. ಗಜೇಂದ್ರಗಡದಲ್ಲಿ ರಾತ್ರಿ ತಂಗಿ, ಬಿಸಿಲೇರುವ ಮೊದಲೇ ಕಾಲಕಾಲೇಶ್ವರದ ಮೆಟ್ಟಿಲು ಹತ್ತಿಳಿದು, ಆಮೇಲೆ ಸೂಡಿಗೆ ಬರುವುದು ಲೇಸು. ಸೂಡಿಯಲ್ಲಿ ಇಳಿದ ಕೂಡಲೇ ರೋಣಕ್ಕೆ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಳ್ಳಬೇಕು.