ಗಾಜಿನ ಮೇಲಿನ ದಿಗಂತ

ಮನೆಯಲ್ಲಿಯೇ ಕುಳಿತು ವಿಮಾನ ನಡೆಸುವ ಹವ್ಯಾಸವೊಂದುಂಟು. ಗಣಕಯಂತ್ರದ ದೊಡ್ಡ ತೆರೆಯ ಮೇಲೆ ಆಕಾಶ, ಮೋಡ, ಓಡುದಾರಿ. ಅದರ ಕೆಳಗೆ, ಮೇಜಿನ ಮೇಲೆ, ಪುಸ್ತಕದಷ್ಟೇ ಅಗಲದ ಒಂದು ಸ್ಪರ್ಶತೆರೆ. ವೇಗ, ಎತ್ತರ, ದಿಕ್ಕುಗಳನ್ನು ತಿಳಿಸುವ ಮಾಪಕಗಳು ಈ ಚಿಕ್ಕ ತೆರೆಯಲ್ಲಿ ಮೂಡುತ್ತವೆ. ನೋಡಿದವರು ಆಟಿಕೆಯೆಂದು ನಕ್ಕಾರು. ಆದರೆ ಇದರ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ, ಒಂದು ವಾದ್ಯದ ಕಾರ್ಖಾನೆಯೂ ಹಲವರ ಸಾವೂ ಎದುರಾಗುತ್ತವೆ.

ಮೊದಲ ವೈಮಾನಿಕರು ಕಣ್ಣನ್ನೂ ಮೈಯ ಅನುಭವವನ್ನೂ ನೆಚ್ಚಿ ಹಾರಿದರು. ಮೋಡದೊಳಗೆ ಕಣ್ಣು ಸೋತಾಗ ಮೈಯೂ ಮೋಸ ಮಾಡುತ್ತಿತ್ತು. ನಮ್ಮ ಒಳಗಿವಿಯ ನಾಳಗಳಲ್ಲಿರುವ ದ್ರವ ತಿರುವಿನ ಆರಂಭವನ್ನು ಮಾತ್ರ ತಿಳಿಸಬಲ್ಲದು. ಒಂದೇ ಸಮನೆ ಸುಮಾರು 20 ಸೆಕೆಂಡು ತಿರುಗಿದರೆ, ನೇರವಾಗಿ ಹೋಗುತ್ತಿರುವೆವೆಂದೇ ತೋರುತ್ತದೆ. ಆಗ ವಿಮಾನವನ್ನು ನಿಜವಾಗಿ ನೇರಗೊಳಿಸಿದರೆ ಎದುರು ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಆ ಭಾಸವನ್ನು ತಿದ್ದಹೋದವರು ಸುತ್ತುತ್ತ ನೆಲಕ್ಕೆ ಬಿದ್ದರು.

1929ರ ಸೆಪ್ಟೆಂಬರ್ 24ರಂದು, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ಜಿಮ್ಮಿ ಡೂಲಿಟ್ಲ್ ತನ್ನ ಆಸನದ ಮೇಲೆ ಮುಸುಕು ಮುಚ್ಚಿಕೊಂಡು, ಹೊರಗಿನದೇನನ್ನೂ ಕಾಣದೆ, ಮೇಲೇರಿ, ಸುತ್ತಿ, ಮತ್ತೆ ನೆಲಕ್ಕಿಳಿದ. ಸ್ಪೆರಿಯ ಕೃತಕ ದಿಗಂತ, ಕೋಲ್ಸ್‌ಮನ್ನನ ಸೂಕ್ಷ್ಮ ಎತ್ತರಮಾಪಕ, ರೇಡಿಯೋ ಸಂಕೇತಗಳೇ ಅವನ ಕಣ್ಣಾದವು.

ಈ ವಿದ್ಯೆಯನ್ನು ಕಲಿಸುವ ಬಗೆ ಹೇಗೆ? ಅದೇ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕ್ ಎಂಬಾತ ತಂದೆಯ ಆರ್ಗನ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ನಮ್ಮ ಹಾರ್ಮೋನಿಯಂನಲ್ಲಿರುವಂತೆ ಆರ್ಗನ್ನಿನಲ್ಲಿಯೂ ತಿದಿಗಳಿರುತ್ತವೆ. ಆ ತಿದಿಗಳನ್ನೇ ಬಳಸಿ ಅವನು ಓಲಾಡುವ, ತಿರುಗುವ ಒಂದು ಪುಟ್ಟ ವಿಮಾನದ ಪೆಟ್ಟಿಗೆಯನ್ನು ಮಾಡಿದ. ಮೊದಮೊದಲು ಅದನ್ನು ಹೆಚ್ಚಾಗಿ ಕೊಂಡವರು ಮನರಂಜನೆಯ ಉದ್ಯಾನಗಳವರು. 1934ರಲ್ಲಿ ಅಮೆರಿಕದ ಸೇನೆ ವಿಮಾನದ ಅಂಚೆಯನ್ನು ವಹಿಸಿಕೊಂಡಿತು. ಆ ಚಳಿಗಾಲದ ಇರುಳು, ಹಿಮ, ಮಂಜುಗಳಲ್ಲಿ, ಮಾಪಕ ನೋಡಿ ಹಾರುವ ಅಭ್ಯಾಸ ಸಾಲದೆ, ಹತ್ತಕ್ಕೂ ಮಿಕ್ಕಿ ವೈಮಾನಿಕರು ಮಡಿದರು. ಅದೇ ವರ್ಷ ಸೇನೆ ಲಿಂಕನ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ವೈಮಾನಿಕರು ಅವುಗಳಲ್ಲಿ ಕುಳಿತೆದ್ದರು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಓದಿದ ಬ್ರೂಸ್ ಆರ್ಟ್‌ವಿಕ್, 1980ರ ಹೊತ್ತಿಗೆ ಇದೇ ಅನುಭವವನ್ನು ಆಪಲ್ ಗಣಕದ ತೆರೆಗೆ ತಂದ. ಮೇಲರ್ಧದಲ್ಲಿ ಬರಿಯ ಗೆರೆಗಳ ನೆಲ, ಕೆಳಗೆ ಮಾಪಕಗಳು. 1982ರಲ್ಲಿ ಮೈಕ್ರೋಸಾಫ್ಟ್ ಅದರ ಹೊಸ ರೂಪವನ್ನು ಹೊರತಂದಿತು. ಒಂದೇ ತೆರೆಯಲ್ಲಿ ಕಿಟಕಿಯೂ ಮಾಪಕವೂ ಇಕ್ಕಟ್ಟಾಗಿ ಬಾಳಿದವು. ಇಂದಿನ ಚಿಕ್ಕ ಸ್ಪರ್ಶತೆರೆ ಆ ಜಗಳವನ್ನು ತೀರಿಸಿದೆ: ದೊಡ್ಡ ಗಣಕ ವೇಗ, ಎತ್ತರಗಳ ಅಂಕಿಗಳನ್ನು ಕ್ಷಣಕ್ಷಣವೂ ಕಳುಹಿಸುತ್ತದೆ; ಚಿಕ್ಕದು ಅವನ್ನು ಮುಳ್ಳಾಗಿ ಬರೆಯುತ್ತದೆ. ನಿಜವಾದ ವಿಮಾನಗಳಲ್ಲಿಯೂ ಮುಳ್ಳಿನ ಮಾಪಕಗಳ ಜಾಗವನ್ನು ಗಾಜಿನ ತೆರೆಗಳು ಬಹುಮಟ್ಟಿಗೆ ಆಕ್ರಮಿಸಿರುವುದರಿಂದ, ಈ ನಕಲು ಅಸಲಿಗೆ ಹತ್ತಿರವೇ ಆಗಿದೆ.

ಆದರೂ ಒಂದು ಕೊರತೆಯುಂಟು. ತಿರುಪನ್ನು ಕತ್ತಲಲ್ಲಿಯೂ ಕೈ ತಡವಿ ಗುರುತಿಸಬಲ್ಲದು. ನುಣುಪಾದ ಗಾಜನ್ನು ನೋಡಿಯೇ ಮುಟ್ಟಬೇಕು. ಅದಕ್ಕಿಂತ ಮಿಗಿಲಾಗಿ, ಮನೆಯ ಕುರ್ಚಿ ಅಲುಗುವುದಿಲ್ಲ. ಲಿಂಕನ ಪೆಟ್ಟಿಗೆ ಓಲಾಡಿ ಮೈಯನ್ನು ಗೊಂದಲಕ್ಕೆ ಕೆಡವುತ್ತಿತ್ತು. ಮೈ ಒಂದು ಹೇಳುವಾಗ ಮುಳ್ಳು ಇನ್ನೊಂದು ಹೇಳುತ್ತಿತ್ತು. ಮಾಪಕವನ್ನು ಓದುವುದನ್ನು ಮೇಜಿನ ಮುಂದೆ ಕಲಿಯಬಹುದು. ನಮ್ಮ ಮೈಯೇ ಅಲ್ಲವೆನ್ನುತ್ತಿರುವಾಗ ಅದನ್ನು ನಂಬುವುದನ್ನು ಅಲ್ಲಿ ಕಲಿಯಲಾಗದು. ಹಾಗಿದ್ದರೂ, ದೊಡ್ಡ ತೆರೆಯನ್ನೆಲ್ಲ ಮಂಜು ತುಂಬಿ, ಕಣ್ಣು ತಾನಾಗಿಯೇ ಆ ಪುಟ್ಟ ದಿಗಂತದತ್ತ ಇಳಿದಾಗ, ಹವ್ಯಾಸಿ ಡೂಲಿಟ್ಲನ ಮುಸುಕಿನ ಒಂದಂಚನ್ನಾದರೂ ಮುಟ್ಟಿರುತ್ತಾನೆ.