ಡಾ. ರುಖ್ಮಾಬಾಯಿ: ಕಟಕಟೆಯಿಂದ ಆಸ್ಪತ್ರೆಗೆ

ಭಾರತದಲ್ಲಿ ವೈದ್ಯವೃತ್ತಿ ಕೈಗೊಂಡ ಮೊದಲ ತಲೆಮಾರಿನ ಮಹಿಳೆಯರಲ್ಲಿ ಡಾ. ರುಖ್ಮಾಬಾಯಿ (1864–1955) ಪ್ರಮುಖರು. ಅವರನ್ನು ದೇಶದ ಪ್ರಪ್ರಥಮ ವೈದ್ಯೆ ಎಂದು ಕೆಲವೆಡೆ ಬರೆಯುವುದುಂಟು, ಅದು ಸರಿಯಲ್ಲ. ಆನಂದಿಬಾಯಿ ಜೋಶಿ ಹಾಗೂ ಕಾದಂಬಿನಿ ಗಂಗೂಲಿ 1886ರಲ್ಲಿಯೇ ವೈದ್ಯಕೀಯ ವ್ಯಾಸಂಗ ಮುಗಿಸಿದ್ದರು. ರುಖ್ಮಾಬಾಯಿ ಆಗಿನ್ನೂ ನ್ಯಾಯಾಲಯದಲ್ಲಿ ಪ್ರತಿವಾದಿಯಾಗಿದ್ದರು.

ಜನಿಸಿದ್ದು ಮುಂಬಯಿಯಲ್ಲಿ. ಎಳವೆಯಲ್ಲೇ ತಂದೆ ತೀರಿಕೊಂಡರು. ತಾಯಿ ಜಯಂತೀಬಾಯಿ ಮುಂದೆ ವೈದ್ಯ ಡಾ. ಸಖಾರಾಮ ಅರ್ಜುನರನ್ನು ವಿವಾಹವಾದರು. ವಿದ್ಯಾಪಕ್ಷಪಾತಿಯಾಗಿದ್ದ ಈ ಮಲತಂದೆಯ ಆಶ್ರಯದಲ್ಲಿಯೇ ಬಾಲಕಿಗೆ ಓದಿನ ರುಚಿ ಹತ್ತಿತು. 11ನೇ ವಯಸ್ಸಿನಲ್ಲಿ, 19ರ ಹರೆಯದ ದಾದಾಜಿ ಭಿಕಾಜಿಯವರೊಂದಿಗೆ ಮದುವೆ ನಡೆಯಿತಾದರೂ ಆಕೆ ಗಂಡನ ಮನೆಗೆ ಹೋಗಲಿಲ್ಲ.

1884ರಲ್ಲಿ ದಾದಾಜಿ ದಾಂಪತ್ಯದ ಹಕ್ಕು ಕೋರಿ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದರು. ತಿಳಿವಳಿಕೆ ಬಾರದ ವಯಸ್ಸಿನಲ್ಲಿ ಮದುವೆಯಾದ ಹೆಣ್ಣನ್ನು ಅವಳ ಇಚ್ಛೆಗೆ ವಿರುದ್ಧವಾಗಿ ಬಾಳ್ವೆಗೆ ದೂಡುವುದು ಕ್ರೌರ್ಯವೆಂದು ನ್ಯಾಯಮೂರ್ತಿ ಪಿನ್ಹೇ ಮರುವರ್ಷ ದಾವೆಯನ್ನು ವಜಾಗೊಳಿಸಿದರು. ಆದರೆ ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. 1887ರ ಮಾರ್ಚ್‌ನಲ್ಲಿ ಹೊಸ ಆದೇಶ ಹೊರಬಿತ್ತು: ಪತಿಗೃಹಕ್ಕೆ ತೆರಳಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ. ಸೆರೆವಾಸವೇ ಲೇಸೆಂದರು ರುಖ್ಮಾಬಾಯಿ.

ಈ ವ್ಯಾಜ್ಯ ದೇಶವನ್ನೇ ಇಬ್ಭಾಗ ಮಾಡಿತ್ತು. 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ 'ಓರ್ವ ಹಿಂದೂ ಮಹಿಳೆ' ಎಂಬ ಗುಪ್ತನಾಮದಿಂದ ಬಾಲ್ಯವಿವಾಹವನ್ನು ಖಂಡಿಸಿ ಪತ್ರಗಳನ್ನು ಬರೆದವರು ರುಖ್ಮಾಬಾಯಿಯೇ. ಬಾಲ ಗಂಗಾಧರ ತಿಲಕರಾದರೋ ಆಕೆಯನ್ನು ಉಗ್ರವಾಗಿ ಟೀಕಿಸಿದರು. ವಿಕ್ಟೋರಿಯಾ ರಾಣಿ ಮಧ್ಯೆ ಪ್ರವೇಶಿಸಿ ಮದುವೆಯನ್ನು ರದ್ದುಪಡಿಸಿದಳೆಂಬ ಕಥೆ ಇಂದಿಗೂ ಪ್ರಚಲಿತವಿದೆ. ವಾಸ್ತವದಲ್ಲಿ ವ್ಯಾಜ್ಯ ಮುಗಿದದ್ದು ರಾಜಿಯಿಂದ. 1888ರಲ್ಲಿ 2,000 ರೂಪಾಯಿ ಪಡೆದು ದಾದಾಜಿ ಹಿಂದೆ ಸರಿದರು. ರುಖ್ಮಾಬಾಯಿ ಸೆರೆಮನೆಗೆ ಹೋಗುವ ಪ್ರಸಂಗ ಬರಲಿಲ್ಲ. ಹೆಣ್ಣಿನ ಸಮ್ಮತಿ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ 1891ರ ಕಾಯಿದೆಯ ಹಿನ್ನೆಲೆಯಲ್ಲಿ ಈ ಮೊಕದ್ದಮೆಯೂ ಇತ್ತು.

ಮುಂಬಯಿಯ ಕಾಮಾ ಆಸ್ಪತ್ರೆಯ ಡಾ. ಎಡಿತ್ ಪೀಚಿ ಮೊದಲಾದವರ ನೆರವಿನಿಂದ ರುಖ್ಮಾಬಾಯಿ 1889ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಲಂಡನ್ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗ ಪೂರೈಸಿ, 1895ರಲ್ಲಿ ಸೂರತ್‌ನ ಮಹಿಳಾ ಆಸ್ಪತ್ರೆಯ ಹೊಣೆ ಹೊತ್ತರು. ಸೂರತ್, ಬಳಿಕ ರಾಜಕೋಟೆ, ಒಟ್ಟು ಸುಮಾರು 35 ವರ್ಷಗಳ ಸೇವೆ. ಮರುಮದುವೆಯಾಗಲಿಲ್ಲ. ವಿಚಿತ್ರವೆನಿಸುವ ಸಂಗತಿಯೊಂದಿದೆ: 1904ರಲ್ಲಿ ದಾದಾಜಿ ನಿಧನರಾದಾಗ, ತಾವು ಒಪ್ಪದ ಆ ಮದುವೆಯ ಹೆಸರಿನಲ್ಲಿ ಅವರು ವಿಧವೆಯ ಬಿಳಿಸೀರೆ ಉಟ್ಟರು.

ನಿವೃತ್ತಿಯ ಹೊತ್ತಿಗೆ ಪರದಾ ಪದ್ಧತಿಯ ನಿರ್ಮೂಲನೆಗೆ ಆಗ್ರಹಿಸಿ ಕಿರುಹೊತ್ತಗೆ ಬರೆದ ರುಖ್ಮಾಬಾಯಿ, 1955ರ ಸೆಪ್ಟೆಂಬರ್ 25ರಂದು ನಿಧನ ಹೊಂದಿದರು.